ಒದ್ದೆ ಕೈಗವಸು

ತೌನೋನ ಬಲಗೈಯಲ್ಲಿ ಈಗ ಹೆಬ್ಬೆರಳೊಂದೇ ಉಳಿದಿತ್ತು. ಹೆಪ್ಪುಗಟ್ಟಿದ ಸರೋವರದಿಂದ ಬಲೆ ಎಳೆಯುವ ಯಂತ್ರ ಮಿಕ್ಕ ನಾಲ್ಕು ಬೆರಳುಗಳನ್ನು ಬಲೆಯ ಜೊತೆಗೇ ಸುತ್ತಿಕೊಂಡುಬಿಟ್ಟಿತ್ತು. ಆ ಯಂತ್ರ ನಿಲ್ಲಿಸುವ ಗುಂಡಿಯನ್ನು ರೂಪಿಸಿದವಳು ತೂಲಿಯಾ. ಅಂಗಿಯ ತೋಳು ತಗುಲಿ ಸುಮ್ಮಸುಮ್ಮನೆ ನಿಲ್ಲಬಾರದೆಂದು ಗುಂಡಿಯನ್ನು ಒಳಗೆ ಹುದುಗಿಸಿ, ಮೇಲೊಂದು ಪುಟ್ಟ ಮುಚ್ಚಳ ಇಟ್ಟಿದ್ದಳು.

"ಗುಂಡಿ ಒತ್ತೋಕೆ ಕಷ್ಟ ಆಗುತ್ತೆ ಅಂತ ತೌನೋನ ಬಾಯಿಂದಲೇ ಬರಲಿ, ಎಲ್ಲ ಯಂತ್ರ ವಾಪಸ್ ತರಿಸ್ತೀನಿ," ಎಂದಿದ್ದ ಯಂತ್ರ ತಯಾರಿಸುವ ಕಂಪನಿಯ ಯಜಮಾನ. ಅದಕ್ಕೇ ಅವಳು ತೌನೋನ ಅಡುಗೆಮನೆಯಲ್ಲಿ ಕೂತಿದ್ದಳು. ಕಿಟಕಿಯಾಚೆ, ಸರೋವರದ ಮೇಲೆ, ಅವನ ತಮ್ಮ ಇವತ್ತೂ ಅದೇ ಯಂತ್ರದ ಮುಂದೆ ನಿಂತಿದ್ದ.

"ಗುಂಡಿದೇನೂ ತಪ್ಪಿಲ್ಲ. ನನ್ನ ಕೈಯೇ ನಿಧಾನ," ಎಂದ ತೌನೋ.

ಹೋದ ಚಳಿಗಾಲ, ಯಂತ್ರದ ಪರೀಕ್ಷೆಯ ದಿನವೂ ಹೀಗೇ. ಕಷ್ಟವಾಯಿತೇ ಎಂದರೆ "ನಡೆಯುತ್ತೆ" ಎಂದಿದ್ದ. ಇಲ್ಲಿಯ ಜನ ಮನೆಗೆ ಬೆಂಕಿ ಬಿದ್ದರೂ ಸ್ವಲ್ಪ ಬೆಚ್ಚಗಿದೆ ಅನ್ನುವವರು. ಅವರ ಬಾಯಲ್ಲಿ 'ನಡೆಯುತ್ತೆ' ಅನ್ನುವುದೇ ದೊಡ್ಡ ಹೊಗಳಿಕೆ. ತೂಲಿಯಾಳೂ ಅದೇ ಊರಿನವಳಲ್ಲವೇ, ಹಿಗ್ಗಿಹೋಗಿದ್ದಳು. ಅವನು ಯಂತ್ರ ನಿಲ್ಲಿಸಿದ್ದನ್ನು ನೋಡಿದ್ದಳು, ಹೇಗೆ ನಿಲ್ಲಿಸಿದನೆಂದು ನೋಡಿರಲಿಲ್ಲ.

"ಇವ್ರನ್ನ ಕೇಳಿ ಏನು ಪ್ರಯೋಜನ? ಸಾಯೋವಾಗ್ಲೂ ಪರವಾಗಿಲ್ಲ ಅಂತಾರೆ," ಎಂದು ಹೆಂಡತಿ ಲೆಂಪಿ ಸಿಡುಕಿದಳು. "ಆ ಗುಂಡಿ ತಂದಿದೀಯಾ? ಕೊಡಿಲ್ಲಿ."

ತೂಲಿಯಾ ಚೀಲದಿಂದ ಮಾದರಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಲೆಂಪಿ ಒಲೆಯ ಮೇಲೆ ಒಣಗುತ್ತಿದ್ದ ಗಂಡನ ಹಳೆಯ ಕೈಗವಸನ್ನು ಎಳೆದು, ತಣ್ಣೀರಲ್ಲಿ ಅದ್ದಿ, ತೊಟ್ಟಳು. ಮುಚ್ಚಳ ಎತ್ತಹೋದಳು. ಜಾರಿತು. ಮತ್ತೆ ಪರಚಿದಳು. ದಪ್ಪ ಉಣ್ಣೆಗೆ ಮುಚ್ಚಳದ ಅಂಚು ಸಿಗಲೇ ಇಲ್ಲ.

ತೌನೋನ ಮುಖ ಬಿಳಿಚಿಕೊಂಡಿತು. ಪಟ್ಟಿ ಸುತ್ತಿದ ಕೈಯನ್ನು ಅವನು ಮೇಜಿನ ಮೇಲಿಂದ ಎಳೆದುಕೊಂಡ.

"ಬಿಡೇ! ಆಗಲ್ಲ ಅದು! ಗವಸು ಹಾಕ್ಕೊಂಡ್ರೆ ಆಗೋದೇ ಇಲ್ಲ!" ಎಂದು ಕೂಗಿದ. "ಪರೀಕ್ಷೆ ದಿನಾನೂ ಆಗಿರ್ಲಿಲ್ಲ. ಹಲ್ಲಲ್ಲಿ ಗವಸು ಕಿತ್ತೆಸೆದು ಒತ್ತಿದ್ದೆ. ಈ ಸಲ ಕೀಳೋಕೆ ಹೊತ್ತಿರ್ಲಿಲ್ಲ."

ತೂಲಿಯಾಳಿಗೆ ಬೇಕಾಗಿದ್ದ ಮಾತು ಸಿಕ್ಕಿತ್ತು.

"ಅವತ್ತೇ ಯಾಕೆ ಹೇಳ್ಲಿಲ್ಲ, ತೌನೋ ಅವ್ರೇ?"

ಅವನು ಕಿಟಕಿಯ ಕಡೆ ತಿರುಗಿದ.

"ಎಷ್ಟು ಖುಷಿಯಾಗಿ ತೋರಿಸ್ತಿದ್ದೆ ನೀನು. ನಿನ್ನ ಮುಖ ನೋಡಿ ಮನಸ್ಸು ಬರ್ಲಿಲ್ಲಮ್ಮ."

ತೂಲಿಯಾ ಕಣ್ಣೊರೆಸಿಕೊಂಡಳು. ಲೆಂಪಿ ಒದ್ದೆ ಗವಸು ಕಳಚಿ, ಫೋನನ್ನು ಅವಳ ಮುಂದೆ ತಳ್ಳಿದಳು.

"ಆಮೇಲೆ ಅಳು. ಮೊದ್ಲು ಮೈದುನನಿಗೆ ಫೋನ್ ಮಾಡಿ ಯಂತ್ರ ನಿಲ್ಲಿಸೋಕೆ ಹೇಳು."