ಲಸ್ಸರಳ ಕರು ಹೇಳಿದ ಸಾಕ್ಷಿ

ಐರ್ಲೆಂಡಿನ ಒಂದು ಪುಟ್ಟ ರಾಜ್ಯದಲ್ಲಿ, ಕೊನಾಂಗ್ ದೊರೆಯ ಕೋಟೆ ಬಾಗಿಲಲ್ಲಿ ವಿಧವೆ ಲಸ್ಸರ್ ಉಪವಾಸ ಕೂತು ಎರಡು ದಿನವಾಗಿತ್ತು. ಪಕ್ಕದ ರಾಜ್ಯದ ದನ ಹೊಡೆದುಕೊಂಡು ಬರಲು ಹೊರಟ ದೊರೆಯ ವೀರರು ದಾರಿ ತಪ್ಪಿ, ತಮ್ಮದೇ ಪ್ರಜೆಯ ಹಟ್ಟಿಯಿಂದ ಅವಳ ಒಂದೇ ಒಂದು ಹಸುವನ್ನು ಗೆದ್ದು ತಂದಿದ್ದರು. ಆ ಗೆಲುವಿನ ಮೇಲೆ ಹಾಡು ಬೇರೆ ಕಟ್ಟಿಯಾಗಿತ್ತು, ನಾಚಿಕೆಗೆಟ್ಟವರು! ಅವರ ಕೈಗೆ ಸಿಗದೆ ಉಳಿದದ್ದು ಕರುವೊಂದೇ; ಅದನ್ನೂ ಅವಳು ಪಕ್ಕದಲ್ಲೇ ಕಟ್ಟಿಕೊಂಡು ಕೂತಿದ್ದಳು. ಹಸು ವಾಪಸು ಬಾರದಿದ್ದರೆ ಕರುವೂ ಉಳಿಯದು, ಚಳಿಗಾಲ ಕಳೆಯುವುದರೊಳಗೆ ತಾನೂ ಉಳಿಯಲಾರೆ ಎಂದು ಲಸ್ಸರಳಿಗೆ ಗೊತ್ತಿತ್ತು.

ಅಲ್ಲಿಯ ಕಟ್ಟಳೆಯೇ ಹಾಗೆ. ಬಾಗಿಲಲ್ಲಿ ಒಬ್ಬರು ನ್ಯಾಯಕ್ಕಾಗಿ ಹಸಿದು ಕೂತಿರುವಾಗ ಒಳಗಿನವನು ಏನಾದರೂ ಬಾಯಿಗೆ ಹಾಕಿಕೊಂಡರೆ ಅವನ ಮಾನ ಮಣ್ಣುಪಾಲು. ಆಮೇಲೆ ಅವನ ಮಾತನ್ನು ನಾಯಿಯೂ ಕೇಳಬೇಕಿಲ್ಲ.

ದೊರೆ ಕಿಲಾಡಿ. "ನಾನೂ ಅವಳ ವಿರುದ್ಧ ಉಪವಾಸ ಕೂತಿದೀನಿ" ಎಂದು ಸಾರಿಸಿಬಿಟ್ಟ. ಹೋಗಿಬರುವವರೆಲ್ಲ ಲಸ್ಸರಳಿಗೇ ಉಗಿದರು.

"ಪಾಪ, ದೊರೆ ಎಷ್ಟು ಸೊರಗಿದಾರೆ! ನಿನಗೆ ಕರುಳಿಲ್ವೇನೇ?"

ಮೂರನೆಯ ಬೆಳಿಗ್ಗೆ ಕೊಟ್ಟಿಗೆಯ ಆಳು ಬಂದ. "ಕರು ಏನು ತಪ್ಪು ಮಾಡ್ತಮ್ಮ? ತಾಯಿ ಹತ್ರ ಬಿಡ್ತೀನಿ, ಕೊಡು" ಎಂದು ಅದನ್ನು ಒಳಗೆ ಕರೆದೊಯ್ದ. ಲಸ್ಸರಳ ಕಣ್ಣು ತುಂಬಿಬಂತು. ಸ್ವಲ್ಪ ಹೊತ್ತಿಗೆ ಕರು ವಾಪಸು ಬಂತು. ಬಾಯಲ್ಲಿ ನೊರೆ, ಹೊಟ್ಟೆ ಮಾತ್ರ ಖಾಲಿ.

ಮಧ್ಯಾಹ್ನ ನ್ಯಾಯಾಧೀಶ ಬಂದ, ಜೊತೆಗೆ ವರ್ಷವರ್ಷದ ಸಂಗತಿಯನ್ನು ಚರ್ಮದ ಹಾಳೆಯಲ್ಲಿ ಬರೆದಿಡುವ ಮಠದ ಸನ್ಯಾಸಿ. ದೊರೆ ಕಂಬ ಹಿಡಿದು ತೂರಾಡುತ್ತ ಹೊರಗೆ ಬಂದ.

"ನೋಡಿ, ಇವಳಿಂದ ನನ್ನ ಗತಿ!"

ಲಸ್ಸರ್ ಎದ್ದು ನಿಂತಳು. "ಕರು ಎದುರಿಗಿಲ್ದೆ ನನ್ನ ಹಸು ಒಂದು ಹನಿ ಹಾಲು ಇಳಿಸಲ್ಲ. ಬೆಳಿಗ್ಗೆ ಕರು ಒಳಗೆ ಹೋಗ್ಬಂತು, ಹೊಟ್ಟೆ ನೋಡಿ, ಬೆನ್ನಿಗಂಟಿದೆ. ಹಾಲು ಯಾರ ಹೊಟ್ಟೆ ಸೇರ್ತು? ದೊರೆ, ಮೀಸೆ ಒರೆಸ್ಕೊಳ್ಳಿ, ನೊರೆ ಹಾಗೇ ಇದೆ."

ದೊರೆಯ ಕೈ ಸರ್ರನೆ ಮೀಸೆಗೆ ಹೋಯಿತು. ಮೀಸೆಯಲ್ಲಿ ಏನೂ ಇರಲಿಲ್ಲ.

ನ್ಯಾಯಾಧೀಶ ಕೆಮ್ಮಿದ. ದೊರೆ ಹಲ್ಲು ಕಡಿದ. "ಹೊಡ್ಕೊಂಡು ಹೋಗು ನಿನ್ನ ಹಸೂನ, ಮಾರಾಯ್ತಿ!"

ಸನ್ಯಾಸಿ ಆಗಲೇ ಬರೆದು ಮುಗಿಸಿ ಗಟ್ಟಿಯಾಗಿ ಓದಿದ: "ಈ ವರ್ಷ ಕೊನಾಂಗ್ ದೊರೆ ಬಡ ವಿಧವೆಗೊಂದು ಹಸು ದಾನ ಮಾಡಿದನು."

"ದಾನಾನಾ?" ಲಸ್ಸರಳಿಗೆ ಮೈಯೆಲ್ಲ ಉರಿಯಿತು. "ನಡೆದದ್ದು ನಡೆದ ಹಾಗೆ ಬರೀರಿ ಸ್ವಾಮಿ!"

"ಬರೀಬಹುದು ತಾಯಿ. ಆದ್ರೆ ಈ ಚರ್ಮದಲ್ಲಿ ಜಾಗ ಮುಗೀತು. ನಿಜ ಬರೀಬೇಕಂದ್ರೆ ಇನ್ನೊಂದು ಎಳೆಗರುವಿನ ಚರ್ಮ ಬೇಕಾಗುತ್ತೆ" ಎನ್ನುತ್ತ ಸನ್ಯಾಸಿ ಕರುವಿನ ಬೆನ್ನು ಸವರಿದ.

ಲಸ್ಸರ್ ಕರುವನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು.

"ದಾನ ಅಂತಲೇ ಇರಲಿ ಬಿಡಿ ಸ್ವಾಮಿ" ಎಂದು ಹಸು ಕರು ಎರಡನ್ನೂ ಹೊಡೆದುಕೊಂಡು ಮನೆಯ ದಾರಿ ಹಿಡಿದಳು.