ಖಾಜಾ ಮಿಯಾರ ಪರ್ಸೋ

ಸಂದರ್ಶನಕ್ಕೆ ಇನ್ನು ಹತ್ತೇ ನಿಮಿಷ. ವಿಶಾಖಾ ಇಸವಿಗಳ ಪಟ್ಟಿಯನ್ನು ಮತ್ತೊಮ್ಮೆ ಓದಿಕೊಂಡಳು.

ಫ್ರಾನ್ಸಿನ ದಕ್ಷಿಣಕ್ಕೆ ಮೊಂಪೆಲಿಯೆ ಎಂಬ ಊರು. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹಳೆಯ ವಿದ್ಯಾಸಂಸ್ಥೆಗಳ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡಲು ಒಂದೇ ಒಂದು ಸೀಟು. ಅರ್ಜಿ ಹಾಕಿದವರು ಎಷ್ಟೋ ಜನ, ಜರಡಿ ಹಿಡಿದ ಮೇಲೆ ಉಳಿದವರು ನಾಲ್ವರು. ಅವರಲ್ಲಿ ಒಬ್ಬಳು ಬೀದರ ಜಿಲ್ಲೆಯ ಔರಾದ ತಾಲೂಕಿನ ಡಾಬಕಾದ ವಿಶಾಖಾ, ಭಾಲ್ಕಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊರಬಿದ್ದು ಮತ್ತೆ ಕರೆಗಾಗಿ ಕಾಯುವವರಿಗೆ ಅತಿಥಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ! ಈ ಸೀಟು ಸಿಕ್ಕರೆ ಅವಳ ಅತಿಥಿತನ ಮುಗಿಯುತ್ತಿತ್ತು.

ಡಾಬಕಾದಲ್ಲಿ ಮೊಬೈಲು ಗಳಿಗೆಗೊಮ್ಮೆ ಗಡಿಯಾಚೆಯ ಮಹಾರಾಷ್ಟ್ರದ ಟವರಿಗೆ ಹಾರುತ್ತದೆ. ಅದಕ್ಕೇ ಗೆಳತಿ ಜೇಬಾ ಬೀದರಿನಲ್ಲಿ ತಮ್ಮ ಬಿದರಿ ಕೆಲಸದ ಅಂಗಡಿಯ ಒಳಕೋಣೆ ಬಿಟ್ಟುಕೊಟ್ಟಿದ್ದಳು. ಅಲ್ಲಿ ಇಂಟರ್ನೆಟ್ಟಿನ ಮೇಲೆ ಭರವಸೆ ಇಡಬಹುದು. ಭರವಸೆ ಇಡಲಾಗದ್ದು ಜೇಬಾಳ ಅಜ್ಜ ಖಾಜಾ ಮಿಯಾರ ಬಾಯಿಯ ಮೇಲೆ.

"ದಾದಾ, ಅರ್ಧಾ ತಾಸು ಸುತ್ತಿಗಿ ಬಡೀಬ್ಯಾಡ್ರಿ. ಮಾತೂ ಆಡಬ್ಯಾಡ್ರಿ," ಎಂದಳು ವಿಶಾಖಾ.

"ನಾ ಯಾವಾಗ ಮಾತಾಡೀನಿ, ಬೇಟಿ?" ಎಂದು ಮುದುಕ ನೊಂದವರ ಹಾಗೆ ಮುಖ ಮಾಡಿ, ಹೂಜಿಯ ಮೇಲೆ ಬೆಳ್ಳಿ ತಂತಿ ಕೂರಿಸುತ್ತ ಹಿಂದೆಯೇ ಕುಳಿತರು.

ಪರದೆಯ ಮೇಲೆ ಮೂವರು ಪ್ರೊಫೆಸರುಗಳು ಮೂಡಿದರು. ಮಾತು ಇಂಗ್ಲಿಷಿನಲ್ಲಿ. ವಿಶಾಖಾ ಇಸವಿಗಳನ್ನೆಲ್ಲ ಅರೆದು ಕುಡಿದಿದ್ದಳು. 1289ರಲ್ಲಿ ಪೋಪರ ಅಪ್ಪಣೆಯಿಂದ ಅವರ ವಿಶ್ವವಿದ್ಯಾಲಯ ಹುಟ್ಟಿದ್ದು, 1970ರಲ್ಲಿ ಮೂರು ಪಾಲಾದದ್ದು, 2015ರಲ್ಲಿ ಎರಡು ಪಾಲು ಮತ್ತೆ ಕೂಡಿದ್ದು, ಎಲ್ಲ ಪಟಪಟ ಹೇಳಿದಳು. ಅದರ ಜೊತೆಗೆ ಬೀದರಿನ ಮಹಮೂದ ಗವಾನ ಮದರಸಾವನ್ನೂ ಇಟ್ಟು ನೋಡಬೇಕು, ಅದೂ ದೂರದೂರದ ಪಂಡಿತರು ಬಂದು ಪಾಠ ಹೇಳಿದ ವಿಶ್ವವಿದ್ಯಾಲಯವೇ, ಎಂದಳು.

ಕನ್ನಡಕದ ಮೇಡಂ ತಡೆದರು. "ನಮ್ಮದು ಜೀವಂತವಾಗಿದೆ, ನಿಮ್ಮದು ಹಾಳುಬಿದ್ದಿದೆ. ಬದುಕಿರುವುದನ್ನು ಸತ್ತದ್ದರ ಪಕ್ಕ ಯಾಕೆ ಇಡಬೇಕು?"

ವಿಶಾಖಾ ಟಿಪ್ಪಣಿಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಸೀಟು ಕೈಬಿಟ್ಟಿತೆಂದೇ ಅವಳಿಗೆ ಅನ್ನಿಸಿತು. ಹಿಂದೆ ಕುಳಿತ ಖಾಜಾ ಮಿಯಾರಿಗೆ ಇಂಗ್ಲಿಷು ತಿಳಿಯದಿದ್ದರೂ ಮದರಸಾ ಎಂಬ ಮಾತು ತಿಳಿದಿತ್ತು, ಹುಡುಗಿ ಒದ್ದಾಡುವುದೂ ಕಂಡಿತ್ತು.

"ಅರೇ, ಪರ್ಸೋ ಸಿಡಿಲ ಬಿತ್ತಲ್ಲಾ! ಒಳಗ ಮದ್ದ ಇಟ್ಟಿದ್ರು, ಅರ್ಧಾ ಮದರಸಾ ಹಾರಿಹೋಯ್ತು. ಹೇಳು ಅವರಿಗಿ!"

"ಆ ಹಿರಿಯರು ಏನೆಂದರು?" ಎಂದರು ಮೇಡಂ.

ಗಾಬರಿಯಲ್ಲಿ ವಿಶಾಖಾ ಇದ್ದದ್ದನ್ನು ಇದ್ದಂತೆಯೇ ಅನುವಾದಿಸಿಬಿಟ್ಟಳು. "ಮೊನ್ನೆ ಸಿಡಿಲು ಬಿದ್ದು, ಒಳಗಿಟ್ಟಿದ್ದ ಸಿಡಿಮದ್ದು ಹೊತ್ತಿ ಅರ್ಧ ಮದರಸಾ ಹಾರಿಹೋಯಿತಂತೆ."

ಮೊಂಪೆಲಿಯೆಯಲ್ಲಿ ಗದ್ದಲವೆದ್ದಿತು. ಜನರಿಗೆ ಏನಾದರೂ ಆಯಿತೇ ಎಂದು ಒಬ್ಬರು ಎದ್ದೇ ನಿಂತರು. ಇನ್ನೊಬ್ಬರು ದಿಲ್ಲಿಯ ಗೆಳೆಯರಿಗೆ ಫೋನು ಮಾಡಲು ಹೊರಟರು. ಬಾಗಿಲ ಬಳಿ ಜೇಬಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ವಿಶಾಖಾಗೆ ನಗು ತಡೆಯಲಾಗಲಿಲ್ಲ, ಆ ನಗುವಿನ ಜೊತೆಗೇ ಉತ್ತರವೂ ಹೊಳೆಯಿತು.

"ದಯವಿಟ್ಟು ಕೂತುಕೊಳ್ಳಿ. ಈ ಸಿಡಿಲು ಬಿದ್ದದ್ದು 1696ರಲ್ಲಿ. ದಾದಾ ಅಂದ ಮಾತು ಪರ್ಸೋ, ಅಂದರೆ ಮೊನ್ನೆ. ನಮ್ಮೂರಿನಲ್ಲಿ ಹತ್ತು ದಿನದ ಹಿಂದಿನದೂ ಪರ್ಸೋ, ಮುನ್ನೂರು ವರ್ಷದ ಹಿಂದಿನದೂ ಪರ್ಸೋ. ಆದರೆ ಮೇಡಂ, ಪರ್ಸೋ ನಿಮ್ಮಲ್ಲೂ ಇದೆ. 1793ರಲ್ಲಿ ಕ್ರಾಂತಿಯವರು ನಿಮ್ಮ ವಿಶ್ವವಿದ್ಯಾಲಯವನ್ನು ರದ್ದು ಮಾಡಿದರು. ಆ ಹೆಸರು ಮರಳಿದ್ದು 1896ರಲ್ಲಿ. ನಡುವೆ 1890ರಲ್ಲಿ ಊರೆಲ್ಲ ಕೂಡಿ ಅದಕ್ಕೆ ಆರುನೂರು ವರ್ಷ ತುಂಬಿದ ಹಬ್ಬ ಮಾಡಿದಿರಿ. ಕಾನೂನಿನಲ್ಲಿ ಇಲ್ಲದ ವಿಶ್ವವಿದ್ಯಾಲಯಕ್ಕೆ ಹಬ್ಬ! ಮುಚ್ಚಿದ್ದು ಮೊನ್ನೆ ಎಂದು ನಿಮ್ಮ ಜನ ನಂಬಿದ್ದಕ್ಕೇ ಅದು ಮತ್ತೆ ತೆರೆಯಿತು. ನಮ್ಮ ದಾದಾ ಕೂಡ ಮೊನ್ನೆ ಅಂತಲೇ ನಂಬಿದ್ದಾರೆ. ಹಾಗಿದ್ದೂ ನಮ್ಮದು ಯಾಕೆ ತೆರೆಯಲಿಲ್ಲ? ನನಗೆ ಹುಡುಕಬೇಕಾಗಿರುವುದು ಅದನ್ನೇ."

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಆ ಪದವನ್ನು ಇನ್ನೊಮ್ಮೆ ಹೇಳಿ," ಎಂದರು. ಮೂವರೂ ಶಾಲೆಯ ಮಕ್ಕಳ ಹಾಗೆ ಪರ್ಸೋ, ಪರ್ಸೋ ಎಂದು ಬರೆದುಕೊಂಡರು.

ಉತ್ತರ ಬಂದದ್ದು ಒಂಬತ್ತನೆಯ ದಿನ, ಭಾಲ್ಕಿ ಬಸ್ಸಿನಲ್ಲಿ. ಮೇಲ್ ಓದಿದವಳೇ ವಿಶಾಖಾ ಎಷ್ಟು ಜೋರಾಗಿ ಕೂಗಿದಳೆಂದರೆ ಕಂಡಕ್ಟರು ಸೀಟಿ ಊದಿ ಬಸ್ಸು ನಿಲ್ಲಿಸಿಬಿಟ್ಟ. ಸೀಟು ಸಿಕ್ಕಿತ್ತು!

ರವಿವಾರ ಅವಳು ಅಜ್ಜಿ ಸುಭದ್ರಾಬಾಯಿಯನ್ನು ಕರೆದುಕೊಂಡು ಪೇಢೆಯ ಡಬ್ಬಿಯೊಂದಿಗೆ ಬೀದರಿಗೆ ಬಂದಳು. ಅಜ್ಜಿ ಊರ ತುಂಬ ಸುದ್ದಿ ಹಂಚಿ ಹಿಗ್ಗಿದ್ದಳು. ಆದರೆ ಖಾಜಾ ಮಿಯಾರ ಮುಂದೆ ಕುಳಿತಾಗ ಮಾತ್ರ ದನಿ ಇಳಿಯಿತು.

"ಮೂರ್ ವರ್ಷ ಅಂತರೀ, ಭಾಯಿ. ಮೂರ್ ವರ್ಷ ನಾ ಹ್ಯಾಂಗ ಕಳೀಲಿ?"

ಮುದುಕ ಪೇಢೆ ಬಾಯಿಗೆ ಹಾಕಿಕೊಂಡು, ಅದು ಕರಗುವ ತನಕ ಸುಮ್ಮನಿದ್ದರು. ಜೇಬಾಗೆ ಇದೇ ದೊಡ್ಡ ಆಶ್ಚರ್ಯ.

"ಯಾಕ ಅಂಜ್ತೀರಿ, ಸುಭದ್ರಾಬಾಯಿ? ಹುಡುಗಿ ತಿರುಗಿ ಬಂದ ದಿವಸ ನೀವೇ ಮಂದಿಗಿ ಹೇಳ್ತೀರಿ ನೋಡ್ರಿ, ನಮ್ಮ ವಿಶಾಖಾ ಪರ್ಸೋ ಹೋಗಿದ್ಲು ಅಂತ."

ಸುಭದ್ರಾಬಾಯಿ ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಆಮೇಲೆ ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟು ಹೇಳಿದಳು, "ಹೋಗಿ ಬಾ."