ಡಿಕ್ಕಿಯಲ್ಲಿದ್ದ ಹಾಡು

ಗುರಸಿದ್ದಪ್ಪನವರ ಅಂಗೈ ಈಗಲೂ ನನ್ನ ಕಣ್ಣ ಮುಂದಿದೆ. ಅಗಲವಾದ, ಗೆರೆಗೆರೆಯಲ್ಲೂ ಹಿಟ್ಟು ಕೂತು ಬೆಳ್ಳಗಾದ ಅಂಗೈ. ನಮ್ಮೂರ ಹಿಟ್ಟಿನ ಗಿರಣಿ ಅವರದು. ಕಾರುಗಳಿಗೆ ಸ್ಟೀರಿಯೊ ಕೂರಿಸುವ ನನ್ನ ಅಂಗಡಿಗೆ ಬಂದ ದಿನ ಅವರು, ಮಾತಿಗೂ ಮೊದಲು, ಅಲ್ಲಿ ಗುಂಯ್‌ಗುಡುತ್ತಿದ್ದ ಸಬ್‌ವೂಫರ್ ಪೆಟ್ಟಿಗೆಯ ಮೇಲೆ ಆ ಕೈಯಿಟ್ಟು ಕಣ್ಣು ಮುಚ್ಚಿ ನಿಂತರು.

"ಇದು ಬೇಕು ನನಗ. ಎದಿಗೆ ಬಂದು ಬಡೀಬೇಕು," ಎಂದರು.

ಹಾಗೆ ಕೇಳುವವರು ಸಾಮಾನ್ಯವಾಗಿ ಮೀಸೆ ಚಿಗುರುತ್ತಿರುವ ಹುಡುಗರು. ಬಗ್ಗಿ ವೈರು ಸುತ್ತುತ್ತಲೇ, "ಮನೀ ಮಂದಿ ಬೈತಾರ್ರೀ ಕಾಕಾ," ಎಂದೆ. ಅವರು ಉತ್ತರಿಸಲಿಲ್ಲ. ನಾನು ತಲೆಯೆತ್ತಿ ಮತ್ತೊಮ್ಮೆ ಹೇಳಿದಾಗ ನಕ್ಕರು.

"ಮನ್ಯಾಗ ಯಾರದಾರ ಬೈಯಾಕ? ಮಗಳ ಹಾಡು ರೆಕಾರ್ಡ್ ಆಗೇತಿ. ಶನಿವಾರ ಬರ್ತಾಳ. ಆಕೀನ ಪಕ್ಕಕ್ಕ ಕುಂದರಿಸಿಕೊಂಡು ಕೇಳಬೇಕು."

ಮಗಳು ನೀಲಾಂಬಿಕೆ. ತಾಯಿಯಿಲ್ಲದ ಕೂಸು, ಗಿರಣಿಯ ಮೊರೆತಕ್ಕೇ ಶ್ರುತಿ ಹಿಡಿದು ಹಾಡಲು ಕಲಿತವಳು ಎಂದು ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು.

ಶನಿವಾರ ಅವರ ಕಾರಿನ ಕೆಲಸ ಹಿಡಿದೆ. ಬ್ಯಾಟರಿಯಿಂದ ದಪ್ಪ ವೈರನ್ನು ಮ್ಯಾಟಿನಡಿ ಹಾಯಿಸಿ ಆಂಪ್ಲಿಫಯರಿಗೆ ತಂದೆ. ಪೆಟ್ಟಿಗೆಯನ್ನು ಹಿಂಬದಿಯ ಡಿಕ್ಕಿಯಲ್ಲಿ ಕೂರಿಸಿದೆ. ಅದರಿಂದ ಬರುವುದು ತಳದ ನಾದ ಮಾತ್ರ. ಹಾಡುವವರ ದನಿ ಕೇಳಬೇಕಾದರೆ ಬಾಗಿಲುಗಳ ಸ್ಪೀಕರು ಜೋಡಿಸಬೇಕು. ಅವುಗಳ ವೈರುಗಳು ಇನ್ನೂ ಜೋತಾಡುತ್ತಿದ್ದವು. ಅಷ್ಟರಲ್ಲಿ ನೀಲಾಂಬಿಕೆ ಬಸ್ಸಿಳಿದು ನೇರ ಅಂಗಡಿಗೇ ಬಂದಳು. ಅಲ್ಲೇ ಕಾಯುತ್ತಿದ್ದ ತಂದೆಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಪೆನ್‌ಡ್ರೈವ್ ಕಿತ್ತುಕೊಂಡವರಂತೆ ತೆಗೆದುಕೊಂಡು ಕಾರಿನಲ್ಲಿ ಕೂತರು.

"ತಡೀರಿ ಕಾಕಾ, ಬಾಗಲದ ಸ್ಪೀಕರ್ ಇನ್ನೂ ಹಾಕಿಲ್ಲ," ಎಂದು ಡಿಕ್ಕಿಯ ಬಳಿಯಿಂದ ಕೂಗಿದೆ. ಅವರ ಬೆನ್ನು ನನ್ನ ಕಡೆಗಿತ್ತು. ತಿರುಗಲಿಲ್ಲ.

ಹಾಡು ಶುರುವಾಯಿತು. ಹಾಡಲ್ಲ, ತಬಲಾ ಜೋಡಿಯ ಡಗ್ಗದ ಗುದ್ದು. ಬರೀ ಗುದ್ದು. ನೀಲಾಂಬಿಕೆ ನಗುತ್ತ ನನ್ನತ್ತ ತಿರುಗಿ ಏನೋ ಹೇಳಹೊರಟಳು. ಆಗ ಒಳಗಿನಿಂದ ಗುರಸಿದ್ದಪ್ಪನವರ ಮಾತು ಬಂತು.

"ಏನ್ ದನಿ ಅವ್ವಾ ನಿಂದು! ಗಂಟಿ ಬಾರಿಸಿದಂಗ ಕೇಳಾಕತ್ತೇತಿ."

ಸೀಟಿನ ಮೇಲೆ ಅಂಗೈ ಊರಿದ್ದರು. ಮುಚ್ಚಿದ ಕಣ್ಣಿಂದ ನೀರಿಳಿಯುತ್ತಿದ್ದುದು ಕಾರಿನೊಳಗಿನ ಕನ್ನಡಿಯಲ್ಲಿ ಕಂಡಿತು.

ಅವಳ ಮುಖದ ನಗು ಅಲ್ಲೇ ನಿಂತಿತು. ಡಿಕ್ಕಿಯ ಹತ್ತಿರ ಬಂದು ನನ್ನನ್ನು ಕೇಳಿದಳು: "ನನ್ನ ದನಿ ಎಲ್ಲೈತ್ರೀ ಇದರಾಗ?"

"ಇಲ್ರೀ ಅಕ್ಕಾರ."

ಅವಳು ತಂದೆಯ ಬೆನ್ನು ನೋಡಿದಳು. ಆಮೇಲೆ ತನಗೇ ಹೇಳಿಕೊಂಡಂತೆ, "ಫೋನ್ ಮಾಡಿದರ ಗಿರಣಿ ಗದ್ದಲ ಐತವ್ವಾ ಅಂತ ಇಟ್ಟಬಿಡ್ತಿದ್ರು. ನಾ ಖರೇ ಅನ್ಕೊಂಡಿದ್ದೆ," ಎಂದಳು. ಇಷ್ಟೆಲ್ಲ ನಾವು ಅವರ ಬೆನ್ನ ಹಿಂದೆಯೇ, ದನಿ ತಗ್ಗಿಸದೆ ಆಡುತ್ತಿದ್ದೆವು.

"ಇನ್ನೂ ಜೋರು ಮಾಡಿದರ?"

ಅವಳ ಆ ಪ್ರಶ್ನೆಯಲ್ಲಿ ಆಸೆಯಿತ್ತು. ಹೌದೆನ್ನಲು ನನಗೂ ಆಸೆಯಾಯಿತು.

"ಎಷ್ಟ್ ಜೋರು ಮಾಡಿದರೂ ಡಗ್ಗಾನ ಬರತೈತ್ರೀ. ನಿಮ್ಮ ದನಿ ಈ ಪೆಟಿಗ್ಯಾಗ ಹಿಡಿಯಂಗಿಲ್ಲ."

ಕಬ್ಬಿಣದ ಬಾಗಿಲಿನೊಳಗಿಂದ, ಸೀಟಿನಡಿಯಿಂದ, ಎಲ್ಲೆಂದರಲ್ಲಿ ನಾದ ಹಾಯಿಸಬಲ್ಲವನು ನಾನು. ಆ ದಿನ ಕೈಯಲ್ಲಿ ಇಕ್ಕಳ ಹಿಡಿದು ಮರದಂತೆ ನಿಂತಿದ್ದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ ತಂದೆಯ ಪಕ್ಕದಲ್ಲಿ ಕೂತಳು. ಮಾಡಲು ಬೇರೇನೂ ಇಲ್ಲದೆ ನಾನು ಬಾಗಿಲ ವೈರುಗಳನ್ನು ಜೋಡಿಸತೊಡಗಿದೆ. ಎಡಗಡೆಯದು ತಾಗಿದ ಕೂಡಲೇ ಅವಳ ದನಿ ಕಾರನ್ನೆಲ್ಲ ತುಂಬಿತು. ಅಷ್ಟು ತಿಳಿಯಾದ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು. ಗುರಸಿದ್ದಪ್ಪನವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೊದಲಿನಷ್ಟೇ ಸುಖದಿಂದ ತಲೆದೂಗುತ್ತಿದ್ದರು.

ಹಾಡು ಮುಗಿದಾಗ ಕಣ್ಣು ತೆರೆದು, "ಕಡೀ ನುಡಿಗೆ ಮ್ಯಾಲೆ ಏರಿಸಿದೆಲ್ಲ, ಅಲ್ಲಿ ಭಾಳ ಛಲೋ ಆತು ನೋಡವ್ವಾ," ಎಂದರು.

ಕಡೆಯ ನುಡಿಯಲ್ಲಿ ಹಾಡು ಏರುವುದಿಲ್ಲ, ಇಳಿಯುತ್ತದೆ. ನೀಲಾಂಬಿಕೆ ತನ್ನ ಮುಖವನ್ನು ಪೂರ್ತಿ ಅವರತ್ತ, ಬೆಳಕಿಗೆ ತಿರುಗಿಸಿದಳು. ತುಟಿ ಚೆನ್ನಾಗಿ ಕಾಣುವಂತೆ, ಬಲು ನಿಧಾನವಾಗಿ, "ಹೌದಪ್ಪಾ," ಎಂದಳು.